ಸೀಟು ಖಾಲಿ ಇದ್ರೂ ಹತ್ತಿಸ್ಲಿಲ್ಲ, ಇದೆಂಥ ಹೆಲಿಕಾಪ್ಟರ್ ರೈಡ್?

ಕುಡ್ಲದ ಮಾಣಿ: ಆದಿತ್ಯವಾರ ಉಡುಪಿ ಹತ್ರ ರೈಡಿಗೆ ಹೋಗಿದ್ದೆವು. ನಾಲ್ಕು ಸೀಟಿನ ರಾಬಿನ್ಸನ್ ಆರ್44, ಪೈಲಟ್ ಬಿಟ್ಟು ಮೂರು ಜನ. ನಾನು 92 ಕೆಜಿ, ಹೆಂಡತಿ 78, ಭಾವ 96. ಎಲ್ಲರೆದುರು ತೂಕ ಮಾಡಿ ಗಟ್ಟಿಯಾಗಿ ಓದಿ ಹೇಳಿದ್ರು. ಮತ್ತೆ ಭಾವನನ್ನು ಕೆಳಗೇ ಬಿಟ್ಟು ಸೀಟು ಖಾಲಿ ಇಟ್ಟು ಹಾರಿಸಿದ್ರು! ಮುಂದೆ ಕೂತು ವಿಡಿಯೋ ತೆಗೀತೇನೆ ಅಂದ್ರೆ ಹಿಂದೆ ತಳ್ಳಿ ಹೆಂಡತಿಯನ್ನು ಮುಂದೆ ಕೂರಿಸಿದ್ರು.

ಬ್ರಹ್ಮಾವರ ಭಟ್ರು: ನಮ್ಮ ಎಕ್ಸ್‌ಪ್ರೆಸ್ ಬಸ್ಸಲ್ಲಿ ಸೀಟಿನ ಎರಡರಷ್ಟು ಜನ ಹೋಗುದಿಲ್ವಾ? 20 ಕೆಜಿ ಹೆಚ್ಚಾದ್ರೆ ಎಂತ ಆಗ್ತದೆ ಮಾರಾಯ್ರೆ.

ರೋಟರ್ ರಾಯರು: ಬಸ್ಸು ಭಾರ ಆದ್ರೆ ಘಾಟಿಯಲ್ಲಿ ನಿಧಾನ ಹೋಗ್ತದೆ ಭಟ್ರೇ, ಇದಕ್ಕೆ ಆ ಸವಲತ್ತಿಲ್ಲ. ಆರ್44ರ ರೇವನ್ 2 ಮಾಡೆಲ್ ಅಂತ ಹಿಡಿಯಿರಿ: ಖಾಲಿ ತೂಕವೇ ಸುಮಾರು 683 ಕೆಜಿ, ಹಾರುವಾಗ ಒಟ್ಟು ತೂಕದ ಮಿತಿ 1134. ಈ ಮೂವರು 266, ಪೈಲಟ್ 80, ಟ್ಯಾಂಕ್ ತುಂಬಿದ್ರೆ ಪೆಟ್ರೋಲೇ ಸುಮಾರು 125. ಕೂಡಿಸಿ ನೋಡಿ, 1154.

ಬ್ರಹ್ಮಾವರ ಭಟ್ರು: ಹಾಗಾದ್ರೆ ಪೆಟ್ರೋಲ್ ಕಡಿಮೆ ಹಾಕ್ಲಿ. ಎದ್ದು ನಿಂತ್ರೆ ಸಾಕಲ್ಲ?

ರೋಟರ್ ರಾಯರು: ಕಡಿಮೆ ಹಾಕಬಹುದು, ಒಪ್ತೇನೆ. ಆದ್ರೆ "ಎದ್ದು ನಿಂತ್ರೆ ಸಾಕು" ಅನ್ನುದೇ ದೊಡ್ಡ ಮೋಸ. ನೆಲದಿಂದ ಸುಮಾರು 10 ಮೀಟರ್ ಒಳಗೆ, ಅಂದ್ರೆ ರೋಟರ್ (ಮೇಲೆ ತಿರುಗುವ ರೆಕ್ಕೆ) ವ್ಯಾಸದಷ್ಟು ಎತ್ತರದವರೆಗೆ, ನೆಲದ ಆಸರೆ ಸಿಗ್ತದೆ, ಕಡಿಮೆ ಶಕ್ತಿಯಲ್ಲಿ ತೇಲ್ತದೆ. ಮೈದಾನ ದಾಟಿ ತೆಂಗಿನ ತೋಟದ ಮೇಲೆ ಏರಿದ ಕೂಡ್ಲೆ ಆ ಆಸರೆ ಹೋಯ್ತು. ಎಂಜಿನ್ ಸಾಲದೆ ರೋಟರ್ ವೇಗ ಶೇ 10 ಇಳಿದ್ರೆ ಎತ್ತುವ ಬಲ ಶೇ 19 ಇಳಿತದೆ. ಪೈಲಟ್ ಗಾಬರಿಯಲ್ಲಿ ಏರಿಸುವ ಕೋಲನ್ನು ಇನ್ನೂ ಮೇಲೆಳೆದ್ರೆ ರೆಕ್ಕೆಗೆ ಗಾಳಿಯ ತಡೆ ಹೆಚ್ಚಾಗಿ ವೇಗ ಇನ್ನಷ್ಟು ಇಳಿತದೆ. ಅದರ ಮೇಲೆ ನಮ್ಮ ಏಪ್ರಿಲ್ ಸೆಕೆ! 35 ಡಿಗ್ರಿಯಲ್ಲಿ ಸಮುದ್ರ ಮಟ್ಟದ ಗಾಳಿಯೂ ಸುಮಾರು 2400 ಅಡಿ ಮೇಲಿನ ಗಾಳಿಯಷ್ಟು ತೆಳು. ಮಲ್ಪೆಯಲ್ಲಿ ನಿಂತು ಆಗುಂಬೆಯಿಂದ ಹಾರಿದ ಹಾಗೆ.

ಮಲ್ಪೆ ಬೋಟ್: ದೋಣಿಯಲ್ಲೂ ಅಷ್ಟೇ. ಒಟ್ಟು ಭಾರ ಸರಿ ಇದ್ರೂ ಬಲೆ, ಮಂಜುಗಡ್ಡೆ ಎಲ್ಲ ಮೂತಿಗೆ ಹಾಕಿದ್ರೆ ಅಲೆಗೆ ಮೂಗು ಹುಗೀತದೆ. ಮಾಣಿಯನ್ನು ಹಿಂದೆ ಕೂರಿಸಿದ್ದು ಅದಕ್ಕಾ?

ರೋಟರ್ ರಾಯರು: ಹೌದು. ರೋಟರ್ ಕಂಬದಿಂದ ಮುಂದಿನ ಸೀಟು ನಾಲ್ಕು ಅಡಿ ಮುಂದೆ, ಹಿಂದಿನ ಸೀಟು ಎರಡು ಅಡಿಯೂ ಇಲ್ಲ. ತೂಕದ ಕೇಂದ್ರ ಆಚೀಚೆ ಹೋಗ್ಲಿಕ್ಕೆ ಇರುವ ಜಾಗ ಒಂದು ಗೇಣು ಮಾತ್ರ. ಮೂಗು ಭಾರ ಆದ್ರೆ ಪೈಲಟ್ ಸೈಕ್ಲಿಕ್ ಕೋಲನ್ನು (ಹೆಲಿಕಾಪ್ಟರನ್ನು ಹಿಂದೆ ಮುಂದೆ ವಾಲಿಸುವ ಕೋಲು) ಹಿಂದೆ ಎಳೀತಾನೆ. ಅದು ಕೊನೆ ಮುಟ್ಟಿದ್ರೆ ಇಳಿಯುವಾಗ ನಿಲ್ಲಿಸ್ಲಿಕ್ಕೆ ಎಳೆತವೇ ಉಳಿಯುದಿಲ್ಲ. ಟ್ಯಾಂಕ್ ಕಂಬದ ಹಿಂದೆ ಉಂಟು. ಹಾಗಾಗಿ ಪೆಟ್ರೋಲ್ ಮುಗಿದ ಹಾಗೆ ಮೂಗು ಇನ್ನೂ ಭಾರ. ಹಾರುವಾಗ ಸರಿ ಇದ್ದದ್ದು ಇಳಿಯುವಾಗ ಸರಿ ಇರ್ಲೇಬೇಕು ಅಂತ ಇಲ್ಲ.

ಲೆಕ್ಕದ ಟೀಚರ್: ಕಾಗದದಲ್ಲಿ ತೂಕ ಇಳಿಸಿ ಬರೆದ್ರೂ ಅದೇ ಕತೆ. 2008ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನ ಜಾಗದಲ್ಲಿ ದೊಡ್ಡ ಸಿಕೋರ್ಸ್ಕಿ ಹೆಲಿಕಾಪ್ಟರ್ ಬಿದ್ದು 9 ಜನ ಹೋದ್ರು. ಖಾಲಿ ತೂಕವನ್ನೇ ಕಡಿಮೆ ತೋರಿಸಿದ್ದು ತನಿಖೆಯಲ್ಲಿ ಸಿಕ್ಕಿತು. ಆದ್ರೂ ಹೆಂಗಸರ ತೂಕ ಊರಿಗೆ ಕೇಳುವ ಹಾಗೆ ಓದುದು ಎಂಥ ಮರ್ಯಾದೆ? ಚೀಟಿಯಲ್ಲಿ ಬರೆದ್ರೆ ಆಗ್ತಿರ್ಲಿಲ್ವಾ?

ರೋಟರ್ ರಾಯರು: ಅದಕ್ಕೆ ಎದುರು ಮಾತಿಲ್ಲ ಟೀಚರ್.

ಕುಡ್ಲದ ಮಾಣಿ: ಸರಿ, ಭಾವನಿಗೂ ತೋರಿಸ್ತೇನೆ. ಒಂದು ಕೇಳ್ಲಿಕ್ಕುಂಟು. ಸೀಟಿನಡಿ ನಮ್ಮ ಬ್ಯಾಗ್ ಇತ್ತು, ಎರಡು ಹಲಸಿನಹಣ್ಣು ಸಮೇತ. ಅದನ್ನು ತೂಗ್ಲೇ ಇಲ್ಲ.

ರೋಟರ್ ರಾಯರು: ಅಯ್ಯೋ ದೇವರೇ. ಮಾಣಿ, ಮೊದಲು ಆ ದೂರು ಬರೆಯಿರಿ.