ಕಲ್ಲಿನ ಮೇಲೆ ಸವಾರ ಅಂತ ಬರೆಸೋದಾ, ಸಯೀಸ್ ಅಂತ ಬರೆಸೋದಾ?

ವಾಟ್ಸಾಪ್ ಗುಂಪು: ಹಳೇಮನೆ ಕುಟುಂಬ
ಸೆಪ್ಟೆಂಬರ್ 23

ಅಣ್ಣ (ಡಲ್ಲಾಸ್), ಬೆಳಿಗ್ಗೆ 7:12
[ಚಿತ್ರ]
ಹೈಫಾ ವೀರನಿಗೆ ನಮನ! ನಮ್ಮ ಮುತ್ತಜ್ಜ, ಮೈಸೂರು ಲ್ಯಾನ್ಸರ್ಸ್ ದಳದ ಸವಾರ. 1918ರಲ್ಲಿ ಇದೇ ದಿನ ಈಟಿ ಹಿಡಿದು ಮೆಷಿನ್ ಗನ್ನುಗಳ ಮೇಲೆ ನುಗ್ಗಿದರು. 900 ಮೈಸೂರು ವೀರರ ಬಲಿದಾನದಿಂದ ಇಸ್ರೇಲ್ ದೇಶಕ್ಕೆ ಸ್ವಾತಂತ್ರ್ಯ ಸಿಕ್ಕಿತು.
ಎಲ್ಲರೂ ಸ್ಟೇಟಸ್‌ಗೆ ಹಾಕಿ.

ಚಿಕ್ಕಪ್ಪ (ಊರು), 7:20
ತುಂಬಾ ಚೆನ್ನಾಗಿದೆ ಮಗನೇ. ಇದೇ ಮಾತನ್ನು ತಾತನ ನೆನಪಿಗೆ ನಿಲ್ಲಿಸುವ ಕಲ್ಲಿಗೂ ಕೊಡುತ್ತೇನೆ. ಶಾಲೆ ಮುಂದೆ ಜಾಗ ಒಪ್ಪಿದ್ದಾರೆ. ಭಾನುವಾರದೊಳಗೆ ಬರಹ ಬೇಕು ಅಂತ ಕಲ್ಲು ಕೆತ್ತುವವರು ಹೇಳಿದ್ದಾರೆ.

ದೊಡ್ಡಪ್ಪ, 7:31
ಕಣ್ಣು ತುಂಬಿ ಬಂತು. ನಮ್ಮಪ್ಪ ಇದ್ದಿದ್ದರೆ ಎಷ್ಟು ಸಂತೋಷ ಪಡುತ್ತಿದ್ದರು.

ಅತ್ತೆ (ಮೈಸೂರು), 7:48
[ಚಿತ್ರ] [ಚಿತ್ರ]
ತಾತನ ಪದಕ ನನ್ನ ಹತ್ತಿರವೇ ಇದೆ. ಕಪ್ಪಗಾಗಿತ್ತು. ಬೆಳಿಗ್ಗೆ ಎದ್ದು ಹುಣಸೆಹಣ್ಣು ಹಾಕಿ ತಿಕ್ಕಿದೆ. ನೋಡಿ, ಹೊಸ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತಿದೆ.

ನಾನು, 7:55
ಅತ್ತೆ, ದಯವಿಟ್ಟು ಇನ್ನು ತಿಕ್ಕಬೇಡಿ. ಅಂಚಿನಲ್ಲಿ ಸಣ್ಣ ಅಕ್ಷರಗಳಿರುತ್ತವೆ, ತಿಕ್ಕಿದಷ್ಟೂ ಸವೆದು ಹೋಗುತ್ತವೆ. ಪದಕವನ್ನು ನಿಲ್ಲಿಸಿ ಇಟ್ಟು ಅಂಚಿನ ಫೋಟೋ ತೆಗೆದು ಕಳಿಸುತ್ತೀರಾ? ಕಿಟಕಿ ಬೆಳಕಲ್ಲಿ ತೆಗೆಯಿರಿ.

ಅತ್ತೆ (ಮೈಸೂರು), 8:16
[ಚಿತ್ರ] [ಚಿತ್ರ] [ಚಿತ್ರ]
ಓದೋಕೆ ಆಗುತ್ತಾ ನೋಡು.

ನಾನು, 8:40
ಓದೋಕೆ ಆಯಿತು ಅತ್ತೆ. ಎಲ್ಲರೂ ಸ್ವಲ್ಪ ಸಮಾಧಾನವಾಗಿ ಓದಿ.
ಅಂಚಿನಲ್ಲಿ ಮುತ್ತಜ್ಜನ ಹೆಸರಿದೆ. ಕೊನೆಗೆ ಮೈಸೂರು ಲ್ಯಾನ್ಸರ್ಸ್ ಅಂತ ಇದೆ. ಹೆಸರಿನ ಮುಂದೆ ಸವಾರ್ ಅಂತ ಇಲ್ಲ. ಸಯೀಸ್ ಅಂತ ಇದೆ. ಸಯೀಸ್ ಅಂದರೆ ಕುದುರೆ ನೋಡಿಕೊಳ್ಳುವವರು.
ಇದು 1914ರಿಂದ 1918ರ ಯುದ್ಧಕ್ಕೆ ಬ್ರಿಟಿಷರು ಕೊಟ್ಟ ವಾರ್ ಮೆಡಲ್. ಸುಮಾರು 65 ಲಕ್ಷ ಪದಕಗಳು ಬೆಳ್ಳಿಯವು. ಸುಮಾರು 1 ಲಕ್ಷ 10 ಸಾವಿರ ಮಾತ್ರ ಕಂಚಿನವು. ಆ ಕಂಚಿನ ಪದಕ ಕೊಟ್ಟಿದ್ದು ಕೂಲಿ ಪಡೆಯವರಿಗೆ, ಸೇನೆ ಜೊತೆ ಹೋದ ಕೆಲಸಗಾರರಿಗೆ. ಅತ್ತೆ ತಿಕ್ಕಿದ ಮೇಲೆ ಕೆಂಪಗೆ ಹೊಳೆದದ್ದು ಅದಕ್ಕೇ. ನಮ್ಮದು ಬೆಳ್ಳಿಯದಲ್ಲ.

ಅಣ್ಣ (ಡಲ್ಲಾಸ್), 8:44
ಏನು ಹೇಳುತ್ತಿದ್ದೀಯ ಪುಟ್ಟಿ? ಪದಕದ ಮೇಲೇ ಕುದುರೆ ಸವಾರ ಇದ್ದಾನಲ್ಲ. ಅತ್ತೆ ಕಳಿಸಿದ ಎರಡನೇ ಫೋಟೋ ನೋಡು.

ನಾನು, 8:47
ಅದು ಎಲ್ಲ ಪದಕಗಳ ಮೇಲೂ ಇರುವ ಚಿತ್ರ ಅಣ್ಣ. ಒಂದು ಕಡೆ ಐದನೇ ಜಾರ್ಜ್, ಇನ್ನೊಂದು ಕಡೆ ಕುದುರೆ ಮೇಲೆ ಕೂತ ಮನುಷ್ಯ. ಹಡಗಿನಲ್ಲಿ ಕೆಲಸ ಮಾಡಿದವರಿಗೂ ಅದೇ ಚಿತ್ರ.

ಅಣ್ಣ (ಡಲ್ಲಾಸ್), 8:59
ಸರಿ, ಇದಕ್ಕೇನು ಹೇಳುತ್ತೀಯ? ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ವೆಬ್‌ಸೈಟ್‌ನಲ್ಲಿ ಹುಡುಕಿದೆ. ಮುತ್ತಜ್ಜನ ಹೆಸರೇ ಸಿಕ್ಕಿತು. ಸವಾರ್ ಅಂತಲೇ ಇದೆ. ಈಜಿಪ್ಟಿನ ಹೀಲಿಯೊಪೊಲಿಸ್ ಸ್ಮಾರಕದಲ್ಲಿ ಇದೆಯಂತೆ.
[ಸ್ಕ್ರೀನ್‌ಶಾಟ್]

ನಾನು, 9:06
ಅಣ್ಣ, ಆ ಪಟ್ಟಿಯಲ್ಲಿ ಇರುವುದು ಯುದ್ಧದಲ್ಲಿ ಸತ್ತವರ ಹೆಸರು ಮಾತ್ರ. ನಮ್ಮ ಮುತ್ತಜ್ಜ ವಾಪಸ್ ಬಂದರು. ಮದುವೆ ಆದರು. ಅದಕ್ಕೇ ನಾವೆಲ್ಲ ಇದ್ದೇವೆ.
ಹೀಲಿಯೊಪೊಲಿಸ್ ಸ್ಮಾರಕದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ತೀರಿಕೊಂಡ ಸುಮಾರು 4,000 ಭಾರತೀಯರ ನೆನಪಿದೆ. ಮೊದಲು ಅದು ಸೂಯೆಜ್ ಕಾಲುವೆ ಬಾಯಿಯ ಪೋರ್ಟ್ ತೌಫಿಕ್‌ನಲ್ಲಿತ್ತು. ಈಜಿಪ್ಟ್ ಮತ್ತು ಇಸ್ರೇಲ್ ಯುದ್ಧಗಳಲ್ಲಿ ಹಾಳಾಯಿತು. 1980ರಲ್ಲಿ ಹೀಲಿಯೊಪೊಲಿಸ್‌ನಲ್ಲಿ ಹೊಸದು ಕಟ್ಟಿದರು. ಅಲ್ಲಿರುವ ಸವಾರ ಬೇರೆ ಯಾರೋ. ಅವರ ಮನೆಯವರಿಗೆ ಗೊತ್ತಿದೆಯೋ ಇಲ್ಲವೋ. ಅವರ ಸಾವನ್ನು ನಾವು ನಮ್ಮ ಮನೆಗೆ ಬರೆದುಕೊಂಡರೆ ತಪ್ಪಲ್ವಾ?

ದೊಡ್ಡಪ್ಪ, 9:15
ಬೆಳಿಗ್ಗೆ ಬೆಳಿಗ್ಗೆ ಇದೆಲ್ಲ ಯಾಕಮ್ಮ? ಊರಲ್ಲಿ ನಮ್ಮ ಮನೆಗೆ ಲ್ಯಾನ್ಸರ್ ಮನೆ ಅಂತಲೇ ಹೆಸರು. ನೂರು ವರ್ಷದಿಂದ ಬಂದದ್ದು. ಈಗ ನೀನು ಒಂದು ಫೋಟೋ ನೋಡಿ ನಮ್ಮ ತಾತ ಲಾಯ ಗುಡಿಸುತ್ತಿದ್ದರು ಅಂತ ಹೇಳುತ್ತಿದ್ದೀಯ.

ನಾನು, 9:17
ಹಾಗೆ ಹೇಳಲಿಲ್ಲ ದೊಡ್ಡಪ್ಪ.

ದೊಡ್ಡಪ್ಪ, 9:18
ಅರ್ಥ ಅದೇ.

ಚಿಕ್ಕಪ್ಪ (ಊರು), 9:30
ಅಣ್ಣ ಹೇಳುವುದು ಸರಿ. ನಾಳೆ ಊರವರು ಏನಂತಾರೆ? ಪಂಚಾಯಿತಿಯವರು, ಶಾಲೆಯ ಹೆಡ್‌ಮಾಸ್ಟರು ಎಲ್ಲರಿಗೂ ಸವಾರ ಅಂತ ಹೇಳಿಯಾಗಿದೆ. ಮಕ್ಕಳು ಡ್ಯಾನ್ಸ್ ಕಲಿಯುತ್ತಿದ್ದಾರೆ, ರಟ್ಟಿನ ಈಟಿ ಎಲ್ಲ ಮಾಡಿಕೊಂಡು.

ನಾನು, 9:52
ಆಫೀಸಿಗೆ ಅರ್ಧ ದಿನ ರಜೆ ಹೇಳಿದೆ. ನಿಧಾನವಾಗಿ ಬರೆಯುತ್ತೇನೆ, ಕೋಪ ಮಾಡಿಕೊಳ್ಳಬೇಡಿ.

ಮೊದಲು ಅಣ್ಣನ ಪೋಸ್ಟರ್ ಬಗ್ಗೆ. ಮೈಸೂರು ಲ್ಯಾನ್ಸರ್ಸ್ ನಮ್ಮ ಸಂಸ್ಥಾನದ ಕುದುರೆ ದಳ, ಬ್ರಿಟಿಷರ ಸಹಾಯಕ್ಕೆ ಕಳಿಸಿದ್ದು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು. ಯುದ್ಧದ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. 1914ರಲ್ಲೇ ದಳ ಈಜಿಪ್ಟಿಗೆ ಹೋಯಿತು. ಮೊದಲು ಸೂಯೆಜ್ ಕಾಲುವೆ ಕಾವಲು, ಆಮೇಲೆ ಪ್ಯಾಲೆಸ್ಟೈನ್. ಹೈಫಾ ಅಲ್ಲಿನ ಬಂದರು ಊರು, ಆಗ ತುರ್ಕರ ಕೈಯಲ್ಲಿತ್ತು. ಇಸ್ರೇಲ್ ಅನ್ನೋ ದೇಶ ಹುಟ್ಟಿದ್ದು 1948ರಲ್ಲಿ.

ಆ ದಿನ ನುಗ್ಗಿದ್ದು ಜೋಧಪುರ ಲ್ಯಾನ್ಸರ್ಸ್ ಮತ್ತು ನಮ್ಮವರು, ಇಬ್ಬರೂ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು, ನಡುವೆ ಇಕ್ಕಟ್ಟಾದ ದಾರಿ. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿಯಿತು. ಕೆಳಗೆ ಜೋಧಪುರದವರು ಊರಿನ ಕಡೆ ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಲ್ಲೇ ತೀರಿಕೊಂಡರು. ಕೈಸೆರೆ ಸಿಕ್ಕವರು 1,350 ಮಂದಿ. ನಮ್ಮ ಕಡೆ ಸತ್ತವರು 900 ಅಲ್ಲ. ಸತ್ತವರು 8, ಗಾಯಗೊಂಡವರು 34. ಕತ್ತಿ, ಈಟಿ ಹಿಡಿದು ಮೆಷಿನ್ ಗನ್ ಎದುರು ಹೋದವರು ಇಷ್ಟು ಕಡಿಮೆ ಜೀವ ಕಳೆದುಕೊಂಡು ಊರು ಗೆದ್ದರು ಅನ್ನುವುದೇ ದೊಡ್ಡ ವಿಷಯ. ಅದಕ್ಕೆ 900 ಹೆಣ ಯಾಕೆ ಸೇರಿಸಬೇಕು?

ಇನ್ನೊಂದು ಲೆಕ್ಕ ಇದೆ. ಅದನ್ನು ಓದಿದಾಗಿನಿಂದ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಆ ಒಂದೇ ದಿನ ಸತ್ತ ಕುದುರೆಗಳು 60. ಗಾಯಗೊಂಡವು 83.

ಆ 83 ಕುದುರೆಗಳನ್ನು ರಾತ್ರಿ ಯಾರು ನೋಡಿಕೊಂಡರು ದೊಡ್ಡಪ್ಪ? ಗುಂಡು ಹೊಕ್ಕ ಕುದುರೆ ಒದೆಯುತ್ತದೆ, ಕಚ್ಚುತ್ತದೆ. ಅದರ ಲಗಾಮು ಹಿಡಿದು, ಗಾಯ ತೊಳೆದು, ನೀರು ಕುಡಿಸಬೇಕು. ಜೀನು ಉಜ್ಜಿ ಬೆನ್ನು ಹುಣ್ಣಾಗಿದ್ದರೆ ನೋಡಬೇಕು. ಲಾಳ ಬಿಟ್ಟಿದ್ದರೆ ಹೊಡೆಸಬೇಕು. ದಳ ಹೈಫಾದಲ್ಲೇ ನಿಲ್ಲಲಿಲ್ಲ. ಸಿರಿಯಾದ ಅಲೆಪ್ಪೊ ತನಕ ಹೋಯಿತು. ಅಕ್ಟೋಬರ್ 26ರಂದು ಹರಿತಾನ್ ಅನ್ನೋ ಊರಿನ ಹತ್ತಿರ ಮತ್ತೆ ನುಗ್ಗಿತು. ಒಂದು ತಿಂಗಳಲ್ಲಿ ಅಷ್ಟು ದೂರ. ಕುದುರೆ ಕಾಲು ಗಟ್ಟಿ ಇಲ್ಲದಿದ್ದರೆ ಯಾವ ವೀರ ಹೋಗುತ್ತಿದ್ದ?

ಅಣ್ಣ (ಡಲ್ಲಾಸ್), 10:20
ಸರಿ, 900 ತೆಗೆಯುತ್ತೇನೆ, ಇಸ್ರೇಲ್ ಮಾತೂ ತೆಗೆಯುತ್ತೇನೆ. ಯಾವುದೋ ಫಾರ್ವರ್ಡ್ ನೋಡಿ ಹಾಕಿದ್ದು, ತಪ್ಪಾಯಿತು. ಆದರೆ ಸವಾರ ಅನ್ನೋದು ಇರಲಿ. ಯಾರಿಗೆ ನಷ್ಟ? ನನ್ನ ಮಗ ಇಲ್ಲಿ ಶಾಲೆಯಲ್ಲಿ ಮುತ್ತಜ್ಜನ ಬಗ್ಗೆ ಮಾತಾಡಿ ಬಂದಿದ್ದಾನೆ. ನಮ್ಮವರ ಬಗ್ಗೆ ಹೇಳಿಕೊಳ್ಳೋಕೆ ಅವನಿಗೆ ಇರುವುದೇ ಇದೊಂದು ಕಥೆ.

ನಾನು, 10:26
ಅವನಿಗೆ ಈ ಕಥೆ ಹೇಳಿ ನೋಡು ಅಣ್ಣ. ಕುಣಿಗಲ್ ಸೀಮೆಯ ಹುಡುಗ. ಟಿಪ್ಪು ಕಾಲದಿಂದ ಕುದುರೆ ಸಾಕುವ ಫಾರ್ಮ್ ಇರುವ ಜಾಗ. ಸಮುದ್ರ ನೋಡದವನು ಕುದುರೆಗಳ ಜೊತೆ ಹಡಗು ಹತ್ತಿದ. ಮರಳುಗಾಡಿನಲ್ಲಿ ನಾಲ್ಕು ವರ್ಷ ಅವುಗಳನ್ನು ಬದುಕಿಸಿಕೊಂಡ. ಮಕ್ಕಳಿಗೆ ಇದು ಕಡಿಮೆ ಅನ್ನಿಸುವುದಿಲ್ಲ. ಕಡಿಮೆ ಅನ್ನಿಸುತ್ತಿರುವುದು ನಮಗೆ.

ಚಿಕ್ಕಪ್ಪ (ಊರು), 10:41
ಬೇರೆ ದಾಖಲೆ ಏನಾದರೂ ಸಿಗಬಹುದಲ್ಲ? ಮೊದಲು ಸಯೀಸ್ ಆಗಿ ಸೇರಿ ಆಮೇಲೆ ಸವಾರ ಆಗಿರಬಹುದು. ಪಂಜಾಬಿನವರ ಹೆಸರೆಲ್ಲ ಕಂಪ್ಯೂಟರಿನಲ್ಲಿ ಬಂದಿದೆ ಅಂತ ಪೇಪರಿನಲ್ಲಿ ಓದಿದ್ದೆ.

ನಾನು, 10:49
ಅದು ನಿಜ ಚಿಕ್ಕಪ್ಪ. ಲಾಹೋರ್ ಮ್ಯೂಸಿಯಂನಲ್ಲಿ ಹಳೇ ರಿಜಿಸ್ಟರುಗಳು ಉಳಿದಿದ್ದವು. ಸುಮಾರು 3 ಲಕ್ಷ 20 ಸಾವಿರ ಪಂಜಾಬಿಗಳ ವಿವರ ಅದರಲ್ಲಿದೆ. ಊರಿನ ಹೆಸರು ಹಾಕಿದರೆ ಬರುತ್ತದೆ. ನಮ್ಮದು ಸಂಸ್ಥಾನದ ದಳ, ಆ ಪುಸ್ತಕಗಳಲ್ಲಿ ಇರುವುದಿಲ್ಲ. ಸಂಸ್ಥಾನದ ಕಡತಗಳನ್ನು ರಾಜ್ಯ ಪತ್ರಾಗಾರದಲ್ಲಿ ನೋಡಬೇಕು. ದಳ ಯಾವ ದಿನ ಎಲ್ಲಿತ್ತು ಅನ್ನೋದಕ್ಕೆ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಯುದ್ಧದ ಡೈರಿಗಳು. ನಾನು ಹೋಗಿ ನೋಡಲು ತಯಾರು. ಬೇರೆ ಕಾಗದ ಸಿಕ್ಕರೆ ಎಲ್ಲರಿಗಿಂತ ಮೊದಲು ನಾನೇ ಇಲ್ಲಿ ಹಾಕುತ್ತೇನೆ. ಆದರೆ ಇವತ್ತು ನಮ್ಮ ಕೈಯಲ್ಲಿರುವ ಸಾಕ್ಷಿ ಆ ಅಂಚು ಒಂದೇ.
ಹೈಫಾ ಹೆಸರನ್ನೂ ಕಲ್ಲಿನ ಮೇಲೆ ಹಾಕಬಾರದು ಅಂತ ನನ್ನ ಅಭಿಪ್ರಾಯ. ಆ ದಿನ ಅವರು ಅಲ್ಲಿದ್ದರು ಅಂತ ಪದಕ ಹೇಳುವುದಿಲ್ಲ.

ದೊಡ್ಡಪ್ಪ, 10:53
ಎಲ್ಲ ತೆಗೆದುಬಿಡಿ. ಬರೀ ಕಲ್ಲು ನಿಲ್ಲಿಸಿ.

ದೊಡ್ಡಪ್ಪ, 10:54
ಈ ಸಂದೇಶವನ್ನು ಅಳಿಸಲಾಗಿದೆ

ಭಾವ, 11:30
ಎಲ್ಲರಿಗೂ ನಮಸ್ಕಾರ. ನಾನು ಈ ಮನೆಯ ಅಳಿಯ, ಮಧ್ಯೆ ಮಾತಾಡಬಾರದು ಅಂತ ಸುಮ್ನೆ ಓದುತ್ತಿದ್ದೆ. ಆದರೆ ಒಂದು ಮಾತು ಹೇಳಲೇಬೇಕು.
ನಾನು ಸೇನೆಯಲ್ಲಿ 24 ವರ್ಷ ಇದ್ದೆ. ಎಲ್ಲಿ ಹೋದರೂ ಗುಂಡು ಹಾರಿಸಿದ್ದೀರಾ ಅಂತ ಕೇಳುತ್ತಾರೆ. ನಾನು ಎಎಸ್‌ಸಿ, ಸರಬರಾಜು ವಿಭಾಗ. ಲೇಹ್ ದಾರಿಯಲ್ಲಿ ಲಾರಿ ಓಡಿಸಿದೆ. ಅಕ್ಕಿ, ಬೇಳೆ, ಸೀಮೆಎಣ್ಣೆ. ಚಕ್ರಕ್ಕೆ ಚೈನ್ ಕಟ್ಟಿಕೊಂಡು ಹಿಮದ ಮೇಲೆ ಹೋಗುತ್ತಿದ್ದೆವು. ನನ್ನ ಮುಂದಿದ್ದ ಲಾರಿ ಒಂದು ಸಲ ಕೆಳಗೆ ಹೋಯಿತು. ಅದರಲ್ಲಿದ್ದ ಹುಡುಗನ ಕೈಯಲ್ಲಿ ಬಂದೂಕು ಇರಲಿಲ್ಲ, ಸ್ಟಿಯರಿಂಗ್ ಇತ್ತು.
ಸಯೀಸ್ ಅಂತ ಬರೆಸಿದರೆ ಮನೆ ಮರ್ಯಾದೆ ಹೋಗುತ್ತದೆ ಅಂದರೆ, ನಾಳೆ ನನ್ನ ಬಗ್ಗೆ ಏನು ಹೇಳುತ್ತೀರಿ?

ಅತ್ತೆ (ಮೈಸೂರು), 11:38
ಅಳಿಯಂದಿರೇ, ನೀವು ಯಾವತ್ತೂ ಇದನ್ನೆಲ್ಲ ಹೇಳಿರಲಿಲ್ಲ.

ಭಾವ, 11:40
ಯಾರೂ ಕೇಳಿರಲಿಲ್ಲ ಅತ್ತೆ.

ನಾನು, 11:58
ಭಾವ, ನನಗೂ ಕೇಳಬೇಕು ಅಂತ ಅನ್ನಿಸಿರಲಿಲ್ಲ. ನೂರು ವರ್ಷದ ಹಿಂದಿನವರ ಪದಕದ ಅಂಚು ಓದುತ್ತಾ ಕೂತಿದ್ದೇನೆ, ನಿಮ್ಮ ಹತ್ತಿರ ಒಂದು ದಿನವೂ ಕೂತು ಕೇಳಲಿಲ್ಲ. ಕ್ಷಮಿಸಿ. ಈ ಭಾನುವಾರ ಮನೆಗೆ ಬರುತ್ತೇನೆ.

ಅಣ್ಣ ನೋಡಿದ ಅದೇ ವೆಬ್‌ಸೈಟ್‌ನಲ್ಲಿ ಸವಾರರ ಜೊತೆಗೆ ಸಯೀಸರು, ನೀರು ಹೊರುವ ಭಿಸ್ತಿಗಳು, ಅಡುಗೆಯವರು ಎಲ್ಲರ ಹೆಸರೂ ಇವೆ. ಸತ್ತವರಲ್ಲಿ ಅವರನ್ನು ಸೇರಿಸಿ ಎಣಿಸಿದ್ದಾರೆ. ಬದುಕಿ ಬಂದವರನ್ನು ಅವರ ಮನೆಯವರೇ ಎಣಿಸಬೇಕು.

ದೊಡ್ಡಪ್ಪ, ಮಧ್ಯಾಹ್ನ 1:22
[ವಾಯ್ಸ್ ನೋಟ್, 2:47]

ಅತ್ತೆ (ಮೈಸೂರು), 1:30
ಏನು ಹೇಳಿದರು? ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಯಾರಾದರೂ ಬರೆಯಿರಿ.

ನಾನು, 1:51
ಬರೆಯುತ್ತಿದ್ದೇನೆ ಅತ್ತೆ. ದೊಡ್ಡಪ್ಪನ ಮಾತು ಹೇಗಿದೆಯೋ ಹಾಗೇ:

"ತಾತ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಊಟ ಮಾಡುತ್ತಾ ಯೋಚನೆ ಮಾಡಿದೆ. ಅವರು ಒಂದು ದಿನವೂ ನನಗೆ ಈಟಿ ಕಥೆ ಹೇಳಿದವರಲ್ಲ. ಈಟಿ ಕಥೆ ಹೇಳಿದ್ದು ನಮ್ಮಪ್ಪ. ತಾತನ ಜೊತೆ ಕುಣಿಗಲ್ ಪೇಟೆಗೆ ಹೋದರೆ ಜಟಕಾ ಗಾಡಿ ಕಂಡಲ್ಲೆಲ್ಲ ನಿಂತುಬಿಡುತ್ತಿದ್ದರು. ಕುದುರೆ ಕಾಲು ಎತ್ತಿ ಗೊರಸು ನೋಡುತ್ತಿದ್ದರು. ಲಾಳದ ಮೊಳೆ ಸಡಿಲ ಇದ್ದರೆ ಗಾಡಿಯವನಿಗೆ ಚೆನ್ನಾಗಿ ಬೈಯುತ್ತಿದ್ದರು. ಬಾಯಲ್ಲಿ ಏನೋ ಒಂದು ಸದ್ದು ಮಾಡುತ್ತಿದ್ದರು. ಎಂಥಾ ಒರಟು ಕುದುರೆ ಆದರೂ ಕಿವಿ ಇಳಿಸಿ ನಿಲ್ಲುತ್ತಿತ್ತು. ನನಗೆ ಆ ಸದ್ದು ಮಾಡೋಕೆ ಕಲಿಸಿದ್ದರು. ಈಗ ಹಲ್ಲಿಲ್ಲ, ಬರುವುದಿಲ್ಲ.

ಯುದ್ಧದಲ್ಲಿ ಏನು ಮಾಡಿದೆ ತಾತ ಅಂತ ಕೇಳಿದರೆ ಒಂದೇ ಮಾತು. ‘ಅಲ್ಲಿ ನೀರಿಲ್ಲ ಕಣೋ ಮಗಾ.’ ಅಷ್ಟೇ. ರಾತ್ರಿ ಎತ್ತುಗಳಿಗೆ ನೀರು ಕುಡಿಸದೆ ಅವರು ಊಟಕ್ಕೆ ಕೂರುತ್ತಿರಲಿಲ್ಲ. ಅಜ್ಜಿ ತಟ್ಟೆ ಹಾಕಿ ಕಾಯುತ್ತಿದ್ದರು. ಹುರುಳಿ ನೆನೆಹಾಕುವ ಕೆಲಸ ಯಾರಿಗೂ ಕೊಡುತ್ತಿರಲಿಲ್ಲ. ನಮ್ಮಪ್ಪ ಯಾಕೆ ಸವಾರ ಅಂದರೋ ಗೊತ್ತಿಲ್ಲ. ಅವರಿಗೂ ಯಾರಾದರೂ ಹೀಗೆ ಲಾಯ ಗುಡಿಸೋನ ಮಗ ಅಂದಿರಬೇಕು. ಬೆಳಿಗ್ಗೆ ನಾನೇ ಅದೇ ಮಾತು ಆಡಿದೆ."

ಅತ್ತೆ (ಮೈಸೂರು), 1:58
ನೀರಿಲ್ಲ ಕಣೋ ಅನ್ನೋದು ನನಗೂ ನೆನಪಿದೆ ಅಣ್ಣ.

ಚಿಕ್ಕಪ್ಪ (ಊರು), 2:10
ಹಾಗಾದರೆ ಕಲ್ಲಿಗೆ ಏನು ಕೊಡಲಿ? ಹೆಡ್‌ಮಾಸ್ಟರಿಗೆ ನಾನು ಹೇಳಿಕೊಳ್ಳುತ್ತೇನೆ, ಅದರ ಚಿಂತೆ ಬೇಡ.

ನಾನು, 2:24
ನನಗೆ ತೋಚಿದ್ದು ಇಷ್ಟು:
ಹೆಸರು. ಸಯೀಸ್, ಮೈಸೂರು ಲ್ಯಾನ್ಸರ್ಸ್. ಮೊದಲ ಮಹಾಯುದ್ಧದಲ್ಲಿ ದಳದ ಕುದುರೆಗಳನ್ನು ನೋಡಿಕೊಂಡು, ಊರಿಗೆ ಮರಳಿ ಬಂದವರು.
ಲ್ಯಾನ್ಸರ್ ಮನೆ ಅನ್ನೋ ಹೆಸರು ಎಲ್ಲಿಗೂ ಹೋಗುವುದಿಲ್ಲ ದೊಡ್ಡಪ್ಪ. ದಳದ ಹೆಸರು ಪದಕದ ಮೇಲೇ ಇದೆ.

ಅಣ್ಣ (ಡಲ್ಲಾಸ್), 2:31
ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ ಪುಟ್ಟಿ. ಪತ್ರಾಗಾರ ನೋಡಿದ ಮೇಲೆ ಕೆತ್ತಿಸಬಹುದಿತ್ತು. ಆದರೆ ಅಪ್ಪ ಏನು ಹೇಳುತ್ತಾರೋ ಹಾಗೆ ಆಗಲಿ. ಪೋಸ್ಟರ್ ತೆಗೆದಿದ್ದೇನೆ. ಆ ವಾಯ್ಸ್ ನೋಟ್ ಮಗನಿಗೆ ಕೇಳಿಸುತ್ತೇನೆ.

ಚಿಕ್ಕಪ್ಪ (ಊರು), 2:40
ಕಲ್ಲಿನ ಮೇಲ್ಭಾಗದಲ್ಲಿ ಚಿತ್ರಕ್ಕೆ ಜಾಗ ಇದೆ. ಮೊದಲು ಈಟಿ ಹಿಡಿದ ಸವಾರ ಅಂತ ಹೇಳಿದ್ದೆ. ಈಗ ಏನು ಹೇಳಲಿ ಅಣ್ಣ?

ದೊಡ್ಡಪ್ಪ, 3:05
ಸಯೀಸ್ ಅಂತಲೇ ಬರೆಸು. ಮೇಲೆ ಕುದುರೆ ಇರಲಿ. ಜೀನು ಬಿಚ್ಚಿದ ಕುದುರೆ, ನೀರು ಕುಡಿಯುತ್ತಿರುವ ಹಾಗೆ. ಸವಾರ ಬೇಡ.