2007ರ ಬಾಕ್ಸ್‌ಟರ್, ಎರಡು ವರ್ಷದಿಂದ ನಿಂತ ಗಾಡಿ: ತಗೋಬಹುದಾ, ಬಿಡೋದಾ?

ಯಲಹಂಕ_ಸವಾರ:

ಎಲ್ಲರಿಗೂ ನಮಸ್ಕಾರ. ಪೋರ್ಷೆ ಬಾಕ್ಸ್‌ಟರ್ 2.7, 987 ಮಾಡೆಲ್, ಮ್ಯಾನ್ಯುಯಲ್ ಗೇರ್. 2007ರ ನವೆಂಬರ್‌ನಲ್ಲಿ ಕೆಎ-03 ರಿಜಿಸ್ಟ್ರೇಷನ್. ಈಗಿನವರು ಮೂರನೇ ಓನರ್. ಮೀಟರ್‌ನಲ್ಲಿ 61,000 ಕಿ.ಮೀ. ಸರ್ಜಾಪುರ ರಸ್ತೆ ಕಡೆ ಒಂದು ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಎರಡು ವರ್ಷದಿಂದ ನಿಂತಿದೆ. ಕೇಳ್ತಿರೋದು 16 ಲಕ್ಷ.

ಗೊತ್ತಿರೋ ತೊಂದರೆಗಳು: ರೂಫ್ ಅರ್ಧಕ್ಕೆ ನಿಂತಿದೆ, ಎಸಿ ತಣ್ಣಗಾಗಲ್ಲ, ನಿಲ್ಲಿಸೋ ಮುಂಚೆ ಚೆಕ್ ಎಂಜಿನ್ ಲೈಟ್ ಬಂದಿತ್ತಂತೆ, ಹಂಪ್ ಹತ್ತಿ ಇಳಿದರೆ ಮುಂದೆ ಕಟಕಟ ಅಂತಿತ್ತಂತೆ, ಎಂಜಿನ್-ಗೇರ್‌ಬಾಕ್ಸ್ ಸೇರೋ ಜಾಗದ ಕೆಳಗೆ ನೆಲದಲ್ಲಿ ಆಯಿಲ್ ಕಲೆ. ಓನರ್ ಕಡೆಯ ಗ್ಯಾರೇಜ್‌ನವರು ಎಲ್ಲ ಸೇರಿ 3.5 ಲಕ್ಷ ಅಂದಿದ್ದಾರೆ. ನನ್ನ ಹತ್ತಿರ ಇರೋದು ಒಟ್ಟು 22 ಲಕ್ಷ. ಆರ್‌ಸಿಯಲ್ಲಿ 2022ರ ನವೆಂಬರ್‌ವರೆಗೆ ಅಂತಿದೆ, ರಿನ್ಯೂ ಆಗಿಲ್ಲ. ನೋಡೋಕೆ ಹೋದಾಗ ಏನೇನು ಪರೀಕ್ಷೆ ಮಾಡಬೇಕು, ಯಾವುದು ಕಂಡರೆ ವಾಪಸ್ ಬರಬೇಕು ಅಂತ ತಿಳಿದವರು ಹೇಳಿ.

---

ಆರು_ಸಿಲಿಂಡರ್:

ನೀವು ಪಟ್ಟಿ ಮಾಡಿದ ಐದೂ ದುಡ್ಡು ಕೊಟ್ಟರೆ ಸರಿಹೋಗೋ ರಿಪೇರಿಗಳು. ಈ ಗಾಡಿ ತಗೋಬೇಕೋ ಬೇಡವೋ ಅನ್ನೋದನ್ನ ಹೇಳೋದು ಎಂಜಿನ್‌ನ ಒಳಭಾಗ. ಅದನ್ನ ಆ 3.5 ಲಕ್ಷದ ಎಸ್ಟಿಮೇಟ್ ಹಾಕಿದವರು ನೋಡೇ ಇಲ್ಲ ಅನ್ನೋದು ನನ್ನ ಅಂದಾಜು. ಕಾರಣ ಇದೆ: ಬಾಕ್ಸ್‌ಟರ್‌ನಲ್ಲಿ ಎಂಜಿನ್ ಸೀಟಿನ ಹಿಂದೆ, ರೂಫ್ ಮಡಚಿ ಕೂರೋ ಜಾಗದ ಕೆಳಗೆ ಇರುತ್ತೆ. ಮೇಲಿನ ಮುಚ್ಚಳ ತೆಗೀಬೇಕಾದರೆ ರೂಫ್ ಸರ್ವಿಸ್ ಪೊಸಿಷನ್‌ಗೆ ಬರಬೇಕು. ನಿಮ್ಮ ಗಾಡಿಯಲ್ಲಿ ರೂಫೇ ಕೆಟ್ಟು ನಿಂತಿದೆ.

ಮೊದಲು ಒಂದು ಮಾತು. ಓನರ್‌ಗೆ ಈಗಲೇ ಫೋನ್ ಮಾಡಿ, ನೀವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಎರಡು ವರ್ಷ ನಿಂತ ಟ್ಯಾಂಕ್‌ನ ಪೆಟ್ರೋಲ್ ಹಳಸಿರುತ್ತೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಂಡು ನೀರು ಕೆಳಗೆ ಬೇರ್ಪಡುತ್ತೆ, ಪಂಪ್ ಮೊದಲು ಹೀರೋದು ಅದನ್ನೇ. 64 ಲೀಟರ್ ಟ್ಯಾಂಕ್, ಪೂರ್ತಿ ಖಾಲಿ ಮಾಡಿ ಹೊಸದು ಹಾಕಬೇಕು. ಇಂಧನದ ರಬ್ಬರ್ ಪೈಪ್‌ಗಳನ್ನ ಬೆರಳಲ್ಲಿ ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಾಯಿಸದೆ ಮುಂದೆ ಹೋಗಬೇಡಿ. ಬೇಸ್‌ಮೆಂಟ್ ಗಾಡಿ ಅಂದಮೇಲೆ ಇಲಿ ವೈರ್ ಕಡಿದಿರೋದೂ ಸಾಮಾನ್ಯ.

ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ. ಡಿಕ್ಕಿ ತೆರೆಯೋದು ಕರೆಂಟ್‌ನಿಂದ. ಬ್ಯಾಟರಿ ಸತ್ತಿದ್ದರೆ ಫ್ಯೂಸ್ ಬಾಕ್ಸ್‌ನಲ್ಲಿರೋ ಪಾಸಿಟಿವ್ ಟರ್ಮಿನಲ್ ಹೊರಗೆಳೆದು ಅಲ್ಲಿಗೆ ಹೊರಗಿನ ಬ್ಯಾಟರಿ ಕೊಟ್ಟರೆ ಲಾಕ್ ಬಿಡುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ.

ಆಮೇಲೆ ಆಯಿಲ್ ಫಿಲ್ಟರ್. ಕೆಳಗಿನ ಪ್ಲಾಸ್ಟಿಕ್ ಡಬ್ಬಿ ಬಿಚ್ಚಿ ಹಳೇ ಫಿಲ್ಟರ್ ಕಾಗದವನ್ನ ಬ್ಲೇಡಿನಲ್ಲಿ ಕುಯ್ದು, ಮಡಿಕೆಗಳನ್ನ ಬಿಳಿ ಬಟ್ಟೆ ಮೇಲೆ ಹರಡಿ. ಆಯಸ್ಕಾಂತ ಆಡಿಸಿ. ಅಂಟಿಕೊಳ್ಳೋ ಚೂರು ಸಿಕ್ಕರೆ ಅದು ಉಕ್ಕು, ಬೇರಿಂಗ್ ಕಡೆಯಿಂದ ಬಂದಿರೋ ಸಾಧ್ಯತೆ ಹೆಚ್ಚು. ಅಲ್ಲಿಗೆ ಮಾತು ಮುಗಿಸಿ ವಾಪಸ್ ಬನ್ನಿ. ಕಂದು-ಕಪ್ಪು ಪ್ಲಾಸ್ಟಿಕ್ ಚೂರು ಒಂದೆರಡು ಇದ್ದರೆ ಟೈಮಿಂಗ್ ಚೈನ್ ಗೈಡ್ ಸವೆದದ್ದು, ತಕ್ಷಣದ ಅಪಾಯ ಅಲ್ಲ. ಅಂಟದೆ ಮಿನುಗೋ ಪುಡಿ ತುಂಬಾ ಇದ್ದರೆ ಅಲ್ಯೂಮಿನಿಯಂ, ಅದೂ ಕೆಟ್ಟ ಲಕ್ಷಣ.

ಈ ಎಂಜಿನ್ ಬಗ್ಗೆ ಯಾರನ್ನ ಕೇಳಿದರೂ ಐಎಂಎಸ್ ಬೇರಿಂಗ್ ಹೆಸರು ಹೇಳಿ ಹೆದರಿಸ್ತಾರೆ. ಕ್ರ್ಯಾಂಕ್ ಮತ್ತು ಕ್ಯಾಮ್ ಶಾಫ್ಟ್‌ಗಳ ನಡುವೆ ಚೈನ್ ತಿರುಗಿಸೋ ಇಂಟರ್‌ಮೀಡಿಯೇಟ್ ಶಾಫ್ಟ್‌ನ ಬೇರಿಂಗ್ ಅದು. ಅದು ಪುಡಿಯಾದರೆ ಟೈಮಿಂಗ್ ತಪ್ಪಿ ಎಂಜಿನ್ ಪೂರ್ತಿ ಹೋಗುತ್ತೆ. ಹೆಚ್ಚು ಕೆಟ್ಟಿದ್ದು 2000ದಿಂದ 2005ರವರೆಗಿನ ಚಿಕ್ಕ ಬೇರಿಂಗ್. 2006ರಿಂದ 2008ರವರೆಗೆ ದೊಡ್ಡದು ಹಾಕಿದರು, ಅದು ಕೆಡೋದು ತೀರಾ ಕಡಿಮೆ. ಆದರೆ ಎಂಜಿನ್ ಕೇಸ್ ಎರಡು ಹೋಳು ಮಾಡದೆ ಹೊರಗೆ ಬರಲ್ಲ. ಹಾಗಾಗಿ ನಿಮ್ಮ ಗಾಡಿಯಲ್ಲಿ ಅದನ್ನ ಬದಲಾಯಿಸೋ ಪ್ರಶ್ನೆ ಇಲ್ಲ, ಫಿಲ್ಟರ್ ಸಾಕ್ಷಿ ಸಾಕು. 2009ರಿಂದ ಬಂದ 2.9 ಎಂಜಿನ್‌ನಲ್ಲಿ ಈ ಬೇರಿಂಗೇ ಇಲ್ಲ. 22 ಲಕ್ಷಕ್ಕೆ ಅದೂ ಸಿಗೋ ಹಾಗಿದ್ದರೆ ಕಣ್ಣುಮುಚ್ಚಿ ಅದರ ಕಡೆ ಹೋಗಿ.

ಸ್ಟಾರ್ಟ್ ಮಾಡೋ ದಿನ ಇಂಧನ ಪಂಪಿನ ಫ್ಯೂಸ್ ತೆಗೆದು ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ, ಆಯಿಲ್ ಮೇಲೆ ಹತ್ತಲಿ. ಆಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ. ಸಿಲಿಂಡರ್‌ಗಳು ಅಡ್ಡ ಮಲಗಿರೋದರಿಂದ ಸ್ವಲ್ಪ ಆಯಿಲ್ ಒಳಗೆ ಇಳಿದಿರುತ್ತೆ. ಮೊದಲ ಅರ್ಧ ನಿಮಿಷ ನೀಲಿ ಹೊಗೆ ಬಂದು ನಿಂತರೆ ಚಿಂತೆ ಬೇಡ. ಹೊಗೆ ನಿಲ್ಲದೆ ಬೀದಿ ತುಂಬೋ ಹಾಗೆ ಬಿಳಿಯಾಗಿ ಬಂದರೆ ಎಂಜಿನ್ ಒಳಗಿನ ಗಾಳಿಯಿಂದ ಆಯಿಲ್ ಬೇರ್ಪಡಿಸೋ ಏರ್-ಆಯಿಲ್ ಸೆಪರೇಟರ್‌ನ ಒಳಪೊರೆ ಹರಿದಿದೆ. ಖಚಿತ ಮಾಡಿಕೊಳ್ಳೋಕೆ ಐಡಲ್‌ನಲ್ಲಿ ಹಿಂದಿನ ಡಿಕ್ಕಿಯ ಆಯಿಲ್ ಮುಚ್ಚಳ ತೆಗೀರಿ. ಸಣ್ಣ ಎಳೆತ ಇದ್ದು ಕೈಗೆ ಬಂದರೆ ಸರಿ. ಕೈಯಲ್ಲಿ ಜಗ್ಗಾಡಬೇಕಾದರೆ ಸೆಪರೇಟರ್ ಹೋಗಿದೆ. ಅದು ಬದಲಾಯಿಸೋ ಪಾರ್ಟ್, ಬೆಲೆ ಇಳಿಸೋಕೆ ಕಾರಣ, ಬಿಟ್ಟು ಬರೋಕೆ ಕಾರಣ ಅಲ್ಲ.

ಎಂಜಿನ್ ಬಿಸಿಯಾದ ಮೇಲೆ ಒಂದೇ ಕಡೆಯಿಂದ ಟಕ್ ಟಕ್ ಶಬ್ದ ಬಂದು, ಆಯಿಲ್ ಕುಡಿಯೋದೂ ಜಾಸ್ತಿ ಇದ್ದರೆ ಸಿಲಿಂಡರ್ ಗೋಡೆ ಗೀರಿರಬಹುದು. 3.4 ಎಂಜಿನ್‌ನಷ್ಟು 2.7ರಲ್ಲಿ ಇದು ಕಾಣಿಸಲ್ಲ. ಆದರೂ ಆರೂ ಪ್ಲಗ್ ತೆಗೆದು ಕ್ಯಾಮೆರಾ ಇಳಿಸಿ ನೋಡಿಸಿ. ಹೇಗೂ ಆ ಪ್ಲಗ್‌ಗಳನ್ನ ಬದಲಾಯಿಸಬೇಕು. ಕಾಯಿಲ್‌ಗಳನ್ನೂ ಆಗಲೇ ನೋಡಿ, ಮೈ ಬಿರುಕು ಬಿಟ್ಟಿದ್ದರೆ ಮಳೆಗಾಲದಲ್ಲಿ ಮಿಸ್‌ಫೈರ್ ಆಗುತ್ತೆ. ಆ ಚೆಕ್ ಎಂಜಿನ್ ಲೈಟ್‌ಗೆ ಇದೇ ಕಾರಣ ಇದ್ದರೂ ಇರಬಹುದು, ಕೋಡ್ ಓದಿಸಿದರೆ ತಿಳಿಯುತ್ತೆ.

ಕೊನೆಯದು, ಪೋರ್ಷೆಗೆ ಹೊಂದೋ ಸ್ಕ್ಯಾನರ್‌ನಲ್ಲಿ ಎಂಜಿನ್ ಕಂಪ್ಯೂಟರ್ ಓದಿಸಿ. ಮಾಮೂಲಿ ಒಬಿಡಿ ಸ್ಕ್ಯಾನರ್ ಸಾಲದು. ಅದರಲ್ಲಿ ಎಂಜಿನ್ ಓಡಿದ ಒಟ್ಟು ಗಂಟೆ ಇರುತ್ತೆ. 61,000 ಕಿ.ಮೀ.ಗೆ 2,500 ಗಂಟೆ ಅಂದರೆ ಗಂಟೆಗೆ ಸುಮಾರು 24 ಕಿ.ಮೀ., ಬೆಂಗಳೂರಿಗೆ ನಂಬೋ ಲೆಕ್ಕ. 6,000 ಗಂಟೆ ಬಂದರೆ ಮೀಟರ್ ತಿರುಗಿಸಿದ್ದಾರೆ ಅಂತಲೇ ಅನುಮಾನಿಸಿ. ಓವರ್ ರೆವ್, ಅಂದರೆ ಎಂಜಿನ್ ಮಿತಿ ಮೀರಿ ತಿರುಗಿದ ಲೆಕ್ಕ, ಆರು ಹಂತದಲ್ಲಿ ಬರುತ್ತೆ. ಒಂದು, ಎರಡನೇ ಹಂತ ಜೋರಾಗಿ ಓಡಿಸಿದ್ದಕ್ಕೆ. ನಾಲ್ಕರಿಂದ ಮೇಲೆ ಇದ್ದರೆ ಐದನೇ ಗೇರ್ ಬದಲು ಮೂರನೇದು ಬಿದ್ದ ಹಾಗೆ. ಅದು ಯಾವ ಗಂಟೆಯಲ್ಲಿ ಆಯ್ತು ಅಂತಲೂ ಬರುತ್ತೆ. ಸಾವಿರ ಗಂಟೆ ಹಿಂದಿನದಾದರೆ ಎಂಜಿನ್ ತಡೆದುಕೊಂಡಿದೆ ಅಂತ ಅರ್ಥ.

---

ಲಿಫ್ಟ್_ಕೆಳಗೆ:

ಮೇಲಿನವರು ಎಂಜಿನ್ ಬಗ್ಗೆ ಪೂರ್ತಿ ಹೇಳಿದ್ದಾರೆ. ನಾನು ನೀರಿನ ಬಗ್ಗೆ ಹೇಳ್ತೀನಿ, ಈ ಗಾಡಿಗೆ ಬೆಂಗಳೂರಿನಲ್ಲಿ ದೊಡ್ಡ ಶತ್ರು ಅದೇ.

ಸರ್ಜಾಪುರ ರಸ್ತೆ ಬೇಸ್‌ಮೆಂಟ್ ಅಂದ ಕೂಡಲೇ 2022ರ ಸೆಪ್ಟೆಂಬರ್ ನೆನಪಾಗಬೇಕು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಸುತ್ತ ಎಷ್ಟೋ ದುಬಾರಿ ಕಾರುಗಳು ಮುಳುಗಿದ್ದವು. ಸೀಟ್ ಬೆಲ್ಟ್ ಕೊನೆವರೆಗೂ ಎಳೆದು ಕೆಸರಿನ ಗೆರೆ ಇದೆಯಾ ನೋಡಿ. ಸೀಟ್ ಹಳಿಯ ಬೋಲ್ಟ್ ತುಕ್ಕು, ಕಾರ್ಪೆಟ್ ಕೆಳಗಿನ ಸ್ಪಾಂಜ್‌ನಲ್ಲಿ ಒಣ ಮಣ್ಣು, ಕನೆಕ್ಟರ್ ಪಿನ್‌ಗಳಲ್ಲಿ ಹಸಿರು ಪಾಚಿ ಬಣ್ಣ. ಇದರಲ್ಲಿ ಎರಡು ಕಂಡರೂ 6 ಲಕ್ಷಕ್ಕೆ ಕೊಟ್ಟರೂ ಬೇಡ.

ಮುಳುಗದಿದ್ದರೂ ನೀರು ಒಳಗೆ ಬರೋ ದಾರಿ ಇನ್ನೊಂದಿದೆ. ರೂಫ್ ಮಡಚೋ ಜಾಗದ ಎರಡೂ ಮೂಲೆಯಲ್ಲಿ ನೀರು ಇಳಿಯೋ ತೂತು ಇವೆ. ಮರದ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ ಎಲೆ, ಹೂವು ಕೊಳೆತು ಅವು ಕಟ್ಟಿಕೊಳ್ಳುತ್ತವೆ. ಆಗ ನೀರು ಸೀಟಿನ ಕೆಳಗೆ ಹೋಗಿ ಅಲ್ಲಿನ ಕಂಟ್ರೋಲ್ ಯೂನಿಟ್ ಹಾಳಾಗುತ್ತೆ, ಕೀಲಿ ಗುರುತಿಸಲ್ಲ, ಗಾಡಿ ಸ್ಟಾರ್ಟೇ ಆಗಲ್ಲ. ಒಂದು ಲೋಟ ನೀರು ಹಾಕಿ ಚಕ್ರದ ಹತ್ತಿರ ಕೆಳಗೆ ಇಳಿಯುತ್ತಾ ನೋಡಿ. ಕಟ್ಟಿದ್ದರೆ ತಂತಿ ತುರುಕಬೇಡಿ, ಒಳಗಿನ ಪೈಪ್ ಕಳಚುತ್ತೆ. ಮೆತ್ತಗಿನ ನೈಲಾನ್ ದಾರ ಸಾಕು.

ಅರ್ಧಕ್ಕೆ ನಿಂತ ರೂಫನ್ನ ಕೈಯಲ್ಲಿ ಒತ್ತಬೇಡಿ. ಒಂದು ಮೋಟಾರ್ ಎರಡು ಕೇಬಲ್ ಮೂಲಕ ಎಡ-ಬಲದ ಗೇರ್ ತಿರುಗಿಸುತ್ತೆ. ಒಂದು ಕಡೆ ಕೇಬಲ್ ಜಾರಿದರೆ ಇನ್ನೊಂದು ಕಡೆ ಎಳೆದು ಫ್ರೇಮ್ ತಿರುಚುತ್ತೆ. ಎಷ್ಟೋ ಸಲ ಮುರಿದಿರೋದು ತಳ್ಳುಗಂಬಿಯ ತುದಿಯ ಪ್ಲಾಸ್ಟಿಕ್ ಗುಂಡು ಮಾತ್ರ. ಈ ಕೆಲಸ ಮೊದಲು ಮಾಡಿಸಿ, ಆಗಲೇ ಎಂಜಿನ್ ಮೇಲ್ಭಾಗ ಕಾಣೋದು.

ಎಸಿಗೆ ಗ್ಯಾಸ್ ತುಂಬಿಸಿ ತೋರಿಸ್ತೀವಿ ಅಂದರೆ ಒಪ್ಪಬೇಡಿ. ಕಂಡೆನ್ಸರ್‌ಗಳು ಮುಂದಿನ ಬಂಪರ್‌ನ ಎರಡು ಬಾಯಿಯೊಳಗೆ, ರೇಡಿಯೇಟರ್ ಮುಂದೆ ಇವೆ. ಜಾಲರಿ ಇಲ್ಲದ ಬಾಯಿ. ಎಲೆ, ಧೂಳು, ಪ್ಲಾಸ್ಟಿಕ್ ಕವರ್ ಸೇರಿ ಒದ್ದೆಯಾಗಿ ಕೂತು ಅಲ್ಯೂಮಿನಿಯಂ ತಿನ್ನುತ್ತೆ. ನೈಟ್ರೋಜನ್ ತುಂಬಿ ಪ್ರೆಷರ್ ನಿಲ್ಲುತ್ತಾ ನೋಡಿಸಿ, ಆಮೇಲೆ ಗ್ಯಾಸ್. ಬಂಪರ್ ಬಿಚ್ಚಿದಾಗ ರೇಡಿಯೇಟರ್‌ಗಳನ್ನೂ ತೊಳೆಸಿ, ಆ ಕೆಲಸ ವರ್ಷಕ್ಕೊಮ್ಮೆ ಬೇಕು. ಎಸಿ ಹಾಕಿದ ಕೂಡಲೇ ಎರಡೂ ಫ್ಯಾನ್ ನಿಧಾನ ವೇಗದಲ್ಲಿ ತಿರುಗಬೇಕು. ಫ್ಯಾನ್ ವೇಗ ತಗ್ಗಿಸೋ ರೆಸಿಸ್ಟರ್ ಸುಟ್ಟಿದ್ದರೆ ನಿಧಾನ ವೇಗ ಇರಲ್ಲ, ತುಂಬಾ ಬಿಸಿಯಾದ ಮೇಲೆ ಒಮ್ಮೆಲೇ ಜೋರು ವೇಗಕ್ಕೆ ಹೋಗುತ್ತೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತರೆ ಎಂಜಿನ್‌ಗೆ ಅದು ತುಂಬಾ ಕೆಟ್ಟದ್ದು.

ವಾಟರ್ ಪಂಪ್ ಎಂದು ಬದಲಾಯಿಸಿದರು ಅನ್ನೋದಕ್ಕೆ ಬಿಲ್ ಇಲ್ಲದಿದ್ದರೆ ಹೊಸದು ಹಾಕಿಸಿ. ಒಳಗಿನ ಪ್ಲಾಸ್ಟಿಕ್ ರೆಕ್ಕೆ ಮುರಿದರೆ ಚೂರುಗಳು ಕೂಲೆಂಟ್ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಸೀಟಿನ ಹಿಂದಿನ ಕಾರ್ಪೆಟ್ ಹಲಗೆ ತೆಗೆದರೆ ಪಂಪ್, ಬೆಲ್ಟ್ ಸಿಗುತ್ತೆ. ಹಿಂದಿನ ಡಿಕ್ಕಿಯ ಕಾರ್ಪೆಟ್ ತೇವ ಇದ್ದರೆ ಕೂಲೆಂಟ್ ಟ್ಯಾಂಕ್ ಸೀಳಿದೆ. ತುಂಬೋಕೆ ಸುಮಾರು 20 ಲೀಟರ್ ಕೂಲೆಂಟ್ ಬೇಕು, ರೇಡಿಯೇಟರ್ ಮುಂದೆ ಎಂಜಿನ್ ಹಿಂದೆ ಇರೋದರಿಂದ ಗಾಳಿ ಸಿಕ್ಕಿಕೊಳ್ಳುತ್ತೆ. ವ್ಯಾಕ್ಯೂಮ್ ಹಾಕಿ ತುಂಬೋ ಗ್ಯಾರೇಜ್‌ನಲ್ಲೇ ಮಾಡಿಸಿ.

ಆ ಕಟಕಟ ಸಸ್ಪೆನ್ಷನ್‌ನ ಲೋಯರ್ ಆರ್ಮ್ ಬುಷ್ ಅಥವಾ ಸ್ಟ್ರಟ್ ಮೇಲಿನ ಮೌಂಟ್. ನಮ್ಮ ಗುಂಡಿಗಳಿಗೆ ಅವು ಬೇಗ ಹೋಗುತ್ತವೆ. ಬದಲಾಯಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಟೈರ್ ಪಕ್ಕದ ನಾಲ್ಕು ಅಂಕಿ ನೋಡಿ: 2318 ಅಂದರೆ 2018ರ 23ನೇ ವಾರ. ಆರು ವರ್ಷ ದಾಟಿದ್ದರೆ ನಾಲ್ಕೂ ಹೊಸದು ಅಂತ ಲೆಕ್ಕ ಹಾಕಿ. ಮುಂದೆ ಹಿಂದೆ ಸೈಜ್ ಬೇರೆ.

---

ಫಾರ್ಂ_30:

ಕಾಗದದ ವಿಷಯ. ಆರ್‌ಸಿ ಅವಧಿ ಮುಗಿದ ಗಾಡಿಯನ್ನ ರಸ್ತೆಗೆ ಇಳಿಸೋ ಹಾಗಿಲ್ಲ, ಅಪಘಾತವಾದರೆ ಇನ್ಶೂರೆನ್ಸ್‌ನವರು ಕ್ಲೇಮ್ ತಳ್ಳಿಹಾಕೋಕೆ ಅದೇ ಸಾಕು. ಹಾಗಾಗಿ ಟೆಸ್ಟ್ ಡ್ರೈವ್ ರಸ್ತೆಯಲ್ಲಿ ಬೇಡ. ಗ್ಯಾರೇಜ್‌ಗೆ ಫ್ಲಾಟ್‌ಬೆಡ್‌ನಲ್ಲೇ ಒಯ್ಯಿರಿ. ಮೂತಿ ತಗ್ಗು, ಹತ್ತಿಸುವಾಗ ಚಕ್ರದ ಕೆಳಗೆ ಮರದ ಹಲಗೆ ಕೊಡಬೇಕು.

ರಿನ್ಯೂವಲ್ ಫಾರ್ಂ 25ರಲ್ಲಿ, ಅದನ್ನ ಮಾಡಿಸಬೇಕಾದವರು ಈಗಿನ ಓನರ್. ನೀವು ವಹಿಸಿಕೊಳ್ಳಬೇಡಿ. ಆರ್‌ಸಿಯಲ್ಲಿ ಆಮದು ವಾಹನ ಅಂತ ದಾಖಲಾಗಿದ್ದರೆ 15 ವರ್ಷ ದಾಟಿದ್ದಕ್ಕೆ ಶುಲ್ಕ 40,000 ರೂಪಾಯಿ, ಇದು 2022ರ ಏಪ್ರಿಲ್‌ನಿಂದ ಇದೆ. ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಬೇರೆ. ಹಸಿರು ತೆರಿಗೆ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಕೂಡ ಇರಬೇಕು. 2025ರ ಆಗಸ್ಟ್‌ನ ತಿದ್ದುಪಡಿ ಪ್ರಕಾರ 20 ವರ್ಷ ದಾಟಿದ ಆಮದು ಕಾರಿಗೆ 80,000. ಈ ಗಾಡಿಗೆ 20 ತುಂಬೋದು 2027ರ ನವೆಂಬರ್‌ನಲ್ಲಿ. ರಿನ್ಯೂ ಆದ ಆರ್‌ಸಿಯಲ್ಲಿ ಯಾವ ತಾರೀಕಿನವರೆಗೆ ಅಂತ ಬರೆದಿದ್ದಾರೆ ನೋಡಿ, ಆ ದೊಡ್ಡ ಶುಲ್ಕ ಯಾವಾಗ ಬರುತ್ತೆ ಅನ್ನೋದು ಅದರ ಮೇಲೆ.

ಚಾಸಿ ನಂಬರ್ ಗಾಜಿನ ಕೆಳಗೆ, ಬಾಡಿ ಮೇಲೆ, ಆರ್‌ಸಿಯಲ್ಲಿ, ಮೂರೂ ಕಡೆ ಒಂದೇ ಇರಬೇಕು. ಡಬ್ಲ್ಯೂಪಿ0 ಇಂದ ಶುರುವಾಗುತ್ತೆ. ಸಾಲ ಇತ್ತಾ, ತೀರಿದ್ದರೆ ಫಾರ್ಂ 35 ಹಾಕಿ ತೆಗೆಸಿದ್ದಾರಾ ಅಂತ ವಾಹನ್ ಪೋರ್ಟಲ್‌ನಲ್ಲಿ ನೋಡಿ. ಓನರ್ ಹೆಸರು ಬದಲಾಯಿಸೋ ಫಾರ್ಂ 29, 30ಕ್ಕೆ ಸಹಿ ಆಗೋವರೆಗೂ ಪೂರ್ತಿ ದುಡ್ಡು ಕೊಡಬೇಡಿ. ಕೆಎ ನಂಬರ್ ಇರೋದು ಒಳ್ಳೇದು, ದೆಹಲಿ ಕಡೆಯಿಂದ ಬಂದ ಗಾಡಿಯಾದರೆ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್ ಅಂತ ಇನ್ನೊಂದು ಸುತ್ತು ಇರುತ್ತಿತ್ತು.

---

ಯಲಹಂಕ_ಸವಾರ:

ತುಂಬಾ ಧನ್ಯವಾದ. ಓನರ್ ರಿನ್ಯೂ ಮಾಡಿಸಿ ಕೊಡ್ತೀನಿ ಅಂದ್ರು. ಆದರೆ ಫಿಲ್ಟರ್ ಬಿಚ್ಚೋಕೆ ಒಪ್ತಿಲ್ಲ. ಆ ಆಯಿಲ್ ಕಲೆ ರಿಯರ್ ಮೇನ್ ಸೀಲ್ (ಕ್ರ್ಯಾಂಕ್ ಶಾಫ್ಟ್‌ನ ಗೇರ್‌ಬಾಕ್ಸ್ ಕಡೆ ತುದಿಯ ಆಯಿಲ್ ಸೀಲ್) ಅಷ್ಟೇ, ಸಣ್ಣ ಕೆಲಸ ಅಂತಾರೆ.

---

ಆರು_ಸಿಲಿಂಡರ್:

ಸೀಲ್ ಸಣ್ಣದು, ಆದರೆ ಅದನ್ನ ಮುಟ್ಟೋಕೆ ಗೇರ್‌ಬಾಕ್ಸ್ ಇಳಿಸಬೇಕು. ಇಳಿಸಿದ ಮೇಲೆ ಕ್ಲಚ್, ಫ್ಲೈವೀಲ್ ನೋಡದೆ ಮುಚ್ಚೋದು ತಪ್ಪು. ಪಕ್ಕದಲ್ಲೇ ಇರೋ ಐಎಂಎಸ್ ಮುಚ್ಚಳದಿಂದಲೂ ಅದೇ ಜಾಗಕ್ಕೆ ಆಯಿಲ್ ಬರುತ್ತೆ. ಆ ಮುಚ್ಚಳ ಬಿಚ್ಚೋರು ಮೊದಲು ಕ್ರ್ಯಾಂಕ್ ಲಾಕ್ ಮಾಡಿ ಚೈನ್ ಟೆನ್ಷನರ್ ಸಡಿಲಿಸಬೇಕು, ಇಲ್ಲದಿದ್ದರೆ ಟೈಮಿಂಗ್ ಜಾರುತ್ತೆ. ಹೊಸ ಸೀಲ್ ಒಣಗಿದಂತೆಯೇ ಕೂರಬೇಕು, ಆಯಿಲ್ ಸವರಬಾರದು. ಅದರ ಆಳ ಅಳೆಯೋ ಟೂಲ್ ಇದೆಯಾ ಅಂತ ಗ್ಯಾರೇಜ್‌ನವರನ್ನ ಕೇಳಿ. ಇಲ್ಲ ಅಂದರೆ ಅಲ್ಲಿ ಬೇಡ.

ಫಿಲ್ಟರ್‌ಗೆ ಹೀಗೆ ಕೇಳಿ: ಹೊಸ ಫಿಲ್ಟರ್, ಸುಮಾರು 8 ಲೀಟರ್ ಪೋರ್ಷೆ ಎ40 ಅನುಮೋದನೆ ಇರೋ ಆಯಿಲ್, ಲೇಬರ್, ಎಲ್ಲ ನಿಮ್ಮ ಖರ್ಚು. ವ್ಯಾಪಾರ ಕುದುರದಿದ್ದರೂ ಹೊಸ ಆಯಿಲ್ ಅವರ ಗಾಡಿಯಲ್ಲೇ ಉಳಿಯುತ್ತೆ. ಇದಕ್ಕೂ ಒಪ್ಪದಿದ್ದರೆ ನೀವು ಆ ಗಾಡಿಗೆ ಕೊಡಬೇಕಾದ ಬೆಲೆ ಸತ್ತ ಎಂಜಿನ್ ಇರೋ ಗಾಡಿಯ ಬೆಲೆ.

ಒಪ್ಪಿ, ಫಿಲ್ಟರ್ ಶುದ್ಧ ಬಂದು, ಸ್ಕ್ಯಾನ್ ಸರಿ ಇದ್ದರೆ 12 ಲಕ್ಷಕ್ಕೆ ಮಾತು ಶುರು ಮಾಡಿ. 14ರ ಮೇಲೆ ಹೋಗಬೇಡಿ. ಅವರ 3.5 ಲಕ್ಷದಲ್ಲಿ ಟೈರ್, ವಾಟರ್ ಪಂಪ್, ಕ್ಲಚ್, ಬ್ರೇಕ್ ಫ್ಲೂಯಿಡ್ ಇದೆಯಾ ಅಂತ ಬರಹದಲ್ಲಿ ಕೇಳಿ. ಒಂದೊಂದು ಪಾರ್ಟ್ ನಂಬರ್ ಬರೆಸಿಕೊಂಡು, ಹೊರದೇಶದಿಂದ ತರಿಸೋದಾದರೆ ಡ್ಯೂಟಿ, ಕೊರಿಯರ್ ಸೇರಿಸಿ ಲೆಕ್ಕ ಹಾಕಿ. ಉಳಿದ 8 ಲಕ್ಷದಲ್ಲಿ ಮೊದಲ ವರ್ಷ 5ಕ್ಕಿಂತ ಹೆಚ್ಚು ಮುಟ್ಟಬೇಡಿ.

---

ಲಿಫ್ಟ್_ಕೆಳಗೆ:

ಫಿಲ್ಟರ್ ಕುಯ್ದಾಗ ಮಡಿಕೆಗಳ ಫೋಟೋ ಹಗಲು ಬೆಳಕಿನಲ್ಲಿ, ಹತ್ತಿರದಿಂದ ತೆಗೆದು ಇಲ್ಲಿ ಹಾಕಿ. ಆಯಸ್ಕಾಂತದ ತುದಿಯದ್ದೂ ಒಂದು ಇರಲಿ.