ಹಳೇ ವಾಷಿಂಗ್ ಮಿಷನ್‌ಗೆ ಪಾಡ್ ಹಾಕಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು (ರಾಜಾಪುರ, ಕಲಬುರಗಿ):
ಅಮ್ಮನ ಕಾಲದ ಸೆಮಿ ಆಟೋಮ್ಯಾಟಿಕ್ ಮಿಷನ್ ಇದೆ. ಎರಡು ಟಬ್‌ನದು, 1990ರ ದಶಕದ್ದು. ಇನ್ನೂ ಚೆನ್ನಾಗಿ ಓಡುತ್ತಿದೆ. ಬೆಂಗಳೂರಿನಿಂದ ತಮ್ಮ ಒಂದು ಡಬ್ಬಿ ಲಿಕ್ವಿಡ್ ಪಾಡ್ ತಂದು ಕೊಟ್ಟಿದ್ದಾನೆ, ತೆಳು ಪೊರೆಯೊಳಗೆ ಬಟ್ಟೆ ಸೋಪಿನ ದ್ರವ ತುಂಬಿದ ಪುಟ್ಟ ಪೊಟ್ಟಣಗಳು. ನೀರು ಬೋರ್‌ವೆಲ್‌ದು. ಹಾಕಬಹುದಾ? ಮಿಷನ್‌ಗೆ ಏನಾದರೂ ಆಗುತ್ತಾ?

ಬಿಸಿಲೂರು:
ಬೇಡ. ಹಾಕಲೇಬೇಡಿ. ನಮ್ಮದೂ ಎರಡು ಟಬ್‌ನದೇ. ಸಂಕ್ರಾಂತಿಗೆ ಮುಂಚಿನ ಚಳಿ, ಬೆಳಗಿನ ಜಾವದ ತಣ್ಣನೆ ನೀರು. ಪಾಡ್‌ನ ಪೊರೆ ಅರ್ಧ ಕರಗಿ ಗೋಂದಿನ ಹಾಗೆ ಯಜಮಾನರ ಕಪ್ಪು ಪ್ಯಾಂಟ್‌ಗೆ ಅಂಟಿಕೊಂಡಿತು. 1,850 ರೂಪಾಯಿ ಪ್ಯಾಂಟ್. ಮದುವೆಗೆ ಅಂತ ಹೊಲಿಸಿದ್ದು, ಒಂದೇ ಸಲ ಹಾಕಿದ್ದರು. ಒಣಗಿದ ಮೇಲೆ ನೋಡಿದರೆ ಮೊಣಕಾಲ ಹತ್ತಿರ ಬಿಳಿ ಪಟ್ಟೆ. ಇಸ್ತ್ರಿಯವನು ಹಾಗೇ ಇಸ್ತ್ರಿ ಹೊಡೆದುಬಿಟ್ಟ, ಅದು ಕೂತೇ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆಮೇಲೆ ಮಿಷನ್‌ನಿಂದ ನೀರು ಹೊರಗೆ ಹೋಗುವುದೇ ನಿಂತಿತು. ಮೆಕ್ಯಾನಿಕ್ ಬಂದು ನೋಡಿದ್ದಕ್ಕೆ 300. ಡ್ರೈನ್ ಪೈಪ್ 250. ಕೆಳಗಿನ ಪಂಖಾ ಬಿಚ್ಚಿ ಹಾಕಿದ್ದಕ್ಕೆ 400. ಬಿಚ್ಚಿದ ಮೇಲೆ ಆಯಿಲ್ ಸೀಲ್ ಸೋರಲು ಶುರುವಾಯಿತು, ಅದಕ್ಕೆ 350. ಒಟ್ಟು 1,300. ಹಳೇ ಮಾಡೆಲ್ ಅಂತ ಸೀಲ್ ಕಲಬುರಗಿಯಲ್ಲಿ ಸಿಗಲಿಲ್ಲ, ಹೈದರಾಬಾದ್‌ನಿಂದ ತರಿಸಿದೆವು. ಅದು ಬರುವ ತನಕ ಬೆಡ್‌ಶೀಟ್‌ಗಳನ್ನೆಲ್ಲ ಕೈಯಲ್ಲಿ ಒಗೆದೆ. ಪಾಡ್ ಒಂದಕ್ಕೆ 20 ರೂಪಾಯಿ. ಇಪ್ಪತ್ತು ರೂಪಾಯಿ ಸಾಮಾನು ನಮ್ಮ ಮನೆಗೆ ಎಷ್ಟು ಖರ್ಚು ತಂತು ನೋಡ್ರಿ.

ಹಳೇ ಮಿಷನ್ ಮನೆ:
ಅದು ಪಾಡ್‌ನ ತಪ್ಪಲ್ಲ, ಹಾಕಿದ ರೀತಿಯ ತಪ್ಪು. ನಮ್ಮ ಮನೆಯಲ್ಲಿ ಪಾಡ್ ಬಿಟ್ಟು ಬೇರೆ ಏನೂ ಹಾಕಲ್ಲ. ಮಿಷನ್ ನಮ್ಮ ಅತ್ತೆಯವರದು. ಇವತ್ತಿಗೂ ಮೋಟಾರ್ ಬಿಚ್ಚಿಲ್ಲ.

ಆ ಪೊರೆ ಪಾಲಿವಿನೈಲ್ ಆಲ್ಕೋಹಾಲ್. ಅದು ಪ್ಲಾಸ್ಟಿಕ್ ಚೀಲದಂತೆ ಕಂಡರೂ ನೀರಲ್ಲಿ ಕರಗುತ್ತದೆ. ನೀರು ತಣ್ಣಗಿದ್ದರೆ ಹೊತ್ತು ಜಾಸ್ತಿ ಬೇಕು, ಅಷ್ಟೇ. ಬಟ್ಟೆ ತುಂಬಿ ಮೇಲೆ ಪಾಡ್ ಎಸೆದರೆ ಅದು ಮಡಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ನಾನು ಮೊದಲು ಪಾಡ್ ಹಾಕುತ್ತೇನೆ, ಮೇಲೆ ನೀರು ಬಿಡುತ್ತೇನೆ, ಬಟ್ಟೆ ಇಲ್ಲದೆ ಸ್ವಲ್ಪ ತಿರುಗಿಸುತ್ತೇನೆ. ಪೂರ್ತಿ ಕರಗಿದ್ದು ಕಣ್ಣಿಗೆ ಕಂಡ ಮೇಲೆ ಬಟ್ಟೆ. ಚಳಿಗಾಲದಲ್ಲಿ ಒಂದು ಚೊಂಬು ಬಿಸಿನೀರು ಸೇರಿಸುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಅದೂ ಬೇಡ. ನಮ್ಮೂರ ಬಿಸಿಲಿಗೆ ಮಾಳಿಗೆ ಮೇಲಿನ ಟ್ಯಾಂಕ್ ನೀರು ಮಧ್ಯಾಹ್ನ ಕೈ ಸುಡುತ್ತದೆ. ನಲ್ಲಿ ತಿರುಗಿಸಿದರೆ ಸಾಕು.

ಇನ್ನೊಂದು ಲಾಭ ಯಾರೂ ಹೇಳಲ್ಲ. ನಮ್ಮ ಮಿಷನ್‌ಗಳಲ್ಲಿ ಒಂದೇ ಸೋಪಿನ ನೀರಲ್ಲಿ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಕಾಲೊರೆಸುವುದು, ಹೀಗೆ ತೆಗೆಯಬಹುದು ಅಲ್ವಾ? ಮೂರು ಲೋಡ್‌ಗೆ ಒಂದೇ ಪಾಡ್. ಈಗ ಲೆಕ್ಕ ಹಾಕಿ, ಯಾವುದು ದುಬಾರಿ?

ಬಿಸಿಲೂರು:
ಹೊತ್ತು ಜಾಸ್ತಿ ಬೇಕು ಅನ್ನೋದನ್ನೇ ನಾನೂ ಹೇಳಿದ್ದು. ನನ್ನ ರೀತಿ ತಪ್ಪು ಅನ್ನೋಕೆ ನೀವು ನಮ್ಮನೆಗೆ ಬಂದು ನೋಡಿದ್ದಿರಾ? ಡಬ್ಬಿಯ ಮೇಲೆ ಡ್ರಮ್‌ಗೆ ಹಾಕಿ ಅಂತಿತ್ತು, ಹಾಕಿದೆ.

ಸೇಡಂ ರಸ್ತೆ:
ಇಬ್ಬರೂ ನೀರಿನ ಬಗ್ಗೆ ಮಾತಾಡುತ್ತಿಲ್ಲ. ನಮ್ಮ ಕಾಲ ಕೆಳಗೆ ಇರುವುದು ಸುಣ್ಣಕಲ್ಲು. ಶಹಾಬಾದ್ ಕಲ್ಲು ಅದೇ, ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಇರುವುದೂ ಅದಕ್ಕೇ. ಆ ಕಲ್ಲಿನೊಳಗಿಂದ ಬರುವ ಬೋರ್ ನೀರಲ್ಲಿ ಕ್ಯಾಲ್ಸಿಯಂ ತುಂಬಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600 ತನಕ. ನಮ್ಮ ಬೋರ್ ನೀರು ಟೆಸ್ಟ್ ಮಾಡಿಸಿದಾಗ ಆ 600ನ್ನೂ ದಾಟಿತ್ತು. ಟೆಸ್ಟ್‌ಗೆ ದುಡ್ಡು ಕೊಟ್ಟವನು ನಾನು, ಆ ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ.

ಇಂಥ ನೀರಲ್ಲಿ ಪಾಡ್‌ನ ಅರ್ಧ ಶಕ್ತಿ ಕ್ಯಾಲ್ಸಿಯಂ ಜೊತೆ ಗುದ್ದಾಡುವುದರಲ್ಲೇ ಹೋಗುತ್ತದೆ. ಪುಡಿ ಆದರೆ ಒಂದು ಚಮಚ ಜಾಸ್ತಿ ಹಾಕಬಹುದು, ಜೊತೆಗೆ ವಾಷಿಂಗ್ ಸೋಡಾ ಹಾಕಬಹುದು. ಪಾಡ್ ಕತ್ತರಿಸಿ ಒಂದೂವರೆ ಹಾಕ್ತೀರಾ? ಆಗಲ್ಲ. ನಾನು ಪುಡಿ ಮತ್ತು ಸೋಡಾ ಬಿಟ್ಟು ಆಚೆ ಹೋಗಿಲ್ಲ. ನಮ್ಮ ತಂದೆಯವರ ಧೋತರ ಈಗಲೂ ಬೆಳ್ಳಗಿದೆ.

ರೇಷ್ಮೆ ಸೆರಗು:
ಸೋಡಾ ಹಾಕಿ ಅಂತ ಸುಮ್ನೆ ಹೇಳಿಬಿಡಬೇಡಿ. ನಮ್ಮನೆಯಲ್ಲಿ ಕೆಲಸಕ್ಕೆ ಬಂದವರು ಅದನ್ನೇ ಹಾಕಿ ನನ್ನ ಇಳಕಲ್ ಸೀರೆ ಒಗೆದುಬಿಟ್ಟರು. ಸೆರಗಿನ ರೇಷ್ಮೆ ಹೊಳಪೇ ಹೋಯಿತು. 6,200 ಕೊಟ್ಟ ಸೀರೆ. ತವರಿನವರು ಕೊಡಿಸಿದ್ದು, ಅದರ ಬೆಲೆ ರೂಪಾಯಿಯಲ್ಲಿ ಹೇಳಿದರೆ ಮುಗಿಯಲ್ಲ. ಸೋಡಾ ಅಂದರೆ ಕ್ಷಾರ, ರೇಷ್ಮೆ, ಉಣ್ಣೆಗೆ ಅದು ಆಗಲ್ಲ. ನಿಮ್ಮ ಸೋಡಾ ಕ್ಯಾಲ್ಸಿಯಂ ಅನ್ನು ಪುಡಿಯಾಗಿ ಇಳಿಸುತ್ತದೆ, ಆ ಪುಡಿ ಎಲ್ಲಿ ಹೋಗುತ್ತದೆ? ಬಟ್ಟೆಯಲ್ಲೇ ಕೂರುತ್ತದೆ. ಟವೆಲ್ ರಟ್ಟಾಗುವುದು ಅದಕ್ಕೇ.

ಸೇಡಂ ರಸ್ತೆ:
ರೇಷ್ಮೆಯನ್ನು ಮಿಷನ್‌ಗೆ ಹಾಕುವ ವಿಷಯ ಇಲ್ಲಿ ಯಾರು ಎತ್ತಿದರು? ಧೋತರ ಹತ್ತಿಯದು. ಸೋಡಾ ಹಾಕಿದ ಮೇಲೆ ಎರಡು ಸಲ ಜಾಲಿಸಬೇಕು, ನಾನು ಜಾಲಿಸುತ್ತೇನೆ. ಜಾಲಿಸೋಕೆ ಬೇಜಾರಾದವರ ಟವೆಲ್‌ಗೆ ನಾನು ಜವಾಬ್ದಾರನಲ್ಲ.

ರೇಷ್ಮೆ ಸೆರಗು:
ಈ ಊರಲ್ಲಿ ಬೇಸಿಗೆಯಲ್ಲಿ ಎರಡು ಸಲ ಜಾಲಿಸೋಕೆ ನೀರು ಯಾರ ಮನೆಯಲ್ಲಿದೆ? ಬೋರ್ ಬತ್ತಿದಾಗ ಟ್ಯಾಂಕರ್ ಹಾಕಿಸಿಕೊಳ್ಳುವವರನ್ನು ಕೇಳಿ.

ಇಬ್ಬರು ಮಕ್ಕಳ ತಾಯಿ:
ಪ್ಯಾಂಟ್, ಸೀರೆ, ಧೋತರ. ಮಕ್ಕಳ ಬಗ್ಗೆ ಒಬ್ಬರಾದರೂ ಬರೆದಿರಾ? ಪಾಡ್ ನೋಡಿದರೆ ಜೆಲ್ಲಿ ಮಿಠಾಯಿ ಅಂತಲೇ ಅನಿಸುತ್ತದೆ. ನನ್ನ ಚಿಕ್ಕ ಮಗ ಒದ್ದೆ ಕೈಯಲ್ಲಿ ಹಿಡಿದು ಹಿಸುಕಿದ. ಒದ್ದೆ ಕೈ ತಾಗಿದರೇ ಪೊರೆ ಮೆತ್ತಗಾಗುತ್ತದೆ. ಟಪ್ ಅಂತ ಒಡೆದು ಕಣ್ಣಿಗೇ ಹಾರಿತು. ಅದು ನೀರು ಕಮ್ಮಿ ಇರುವ ಗಟ್ಟಿ ಸೋಪು, ಉರಿ ಹೇಳತೀರದು. ನಲ್ಲಿ ಕೆಳಗೆ ಹಿಡಿದು ಬಿಡದೆ ತೊಳೆದೆ, ಕಾಲು ಗಂಟೆ ತನಕ. ಅವನು ಚೀರುತ್ತಿದ್ದ, ನಾನು ಬಿಡಲಿಲ್ಲ. ಡಾಕ್ಟರ್ ಹೇಳಿದ್ದು ಅದೇ, ತೊಳೆದದ್ದರಿಂದ ಕಣ್ಣು ಉಳಿಯಿತು ಅಂತ. ಕನ್ಸಲ್ಟೇಶನ್ 500, ಡ್ರಾಪ್ಸ್ 380, ಆಟೋಗೆ 240. ಆಮೇಲೆ ಮತ್ತೆ ಚೆಕಪ್.

ಯುರೋಪ್‌ನಲ್ಲಿ 2015ರಿಂದ ಪೊರೆಗೆ ಕಹಿ ಸೇರಿಸಬೇಕು, ಡಬ್ಬಿ ಸುಲಭಕ್ಕೆ ತೆರೆಯಬಾರದು ಅಂತ ನಿಯಮ ಇದೆ. ನನಗೆ ಸಿಕ್ಕ ಡಬ್ಬಿ ಎರಡು ವರ್ಷದ ಮಗು ಬಿಚ್ಚುವಂತಿತ್ತು. ಮನೆಯಲ್ಲಿ ಮಕ್ಕಳಿದ್ದರೆ ಈ ವಸ್ತು ಒಳಗೇ ಬರಬಾರದು.

ಹಳೇ ಮಿಷನ್ ಮನೆ:
ಮಗುವಿಗೆ ಹಾಗಾಗಿದ್ದು ಕೇಳಿ ಸಂಕಟವಾಯಿತು. ಆದರೆ ಫಿನಾಯಿಲ್, ಆಸಿಡ್ ಎಲ್ಲರ ಮನೆಯಲ್ಲೂ ಇದೆ. ಮೇಲಿನ ಶೆಲ್ಫ್‌ನಲ್ಲಿ ಇಡಬೇಕು.

ಇಬ್ಬರು ಮಕ್ಕಳ ತಾಯಿ:
ಫಿನಾಯಿಲ್ ಮಿಠಾಯಿ ಥರ ಕಾಣುತ್ತಾ?

ಸೂಪರ್ ಮಾರ್ಕೆಟ್ ರಿಪೇರಿ:
ನಾನು ಮಿಷನ್ ರಿಪೇರಿ ಮಾಡುವವನು. ಬಿಸಿಲೂರು ಅವರಿಗೆ ಹೇಳುತ್ತೇನೆ, ಒಂದು ಪಾಡ್‌ನ ಪೊರೆಯಿಂದ ಡ್ರೈನ್ ಕಟ್ಟಲ್ಲ. ನಾನು ಬಿಚ್ಚಿದ ಪೈಪ್‌ಗಳಲ್ಲಿ ಸಿಗುವುದು ಬಟ್ಟೆಯ ನೂಲು, ಅದರ ಸುತ್ತ ಕೂತ ಸುಣ್ಣ. ವರ್ಷಗಟ್ಟಲೆ ಸೇರಿದ್ದು. ನೂಲು ಹಿಡಿಯುವ ಲಿಂಟ್ ಚೀಲ ಹರಿದಿದ್ದರೆ ಇನ್ನೂ ಬೇಗ. ನಿಮ್ಮ ಮೆಕ್ಯಾನಿಕ್ ಸೀಲ್ ಸೋರುವಂತೆ ಬಿಚ್ಚಿದ್ದೂ ಸರಿಯಿಲ್ಲ.

ಹಳೇ ಮಿಷನ್‌ಗೆ ನಿಜವಾದ ಕಷ್ಟ ನೊರೆ. ಪಾಡ್ ಅಂದರೆ ತುಂಬು ಲೋಡ್‌ನ ಅಳತೆ. ಎರಡು ಅಂಗಿಗೆ ಒಂದು ಪಾಡ್ ಹಾಕಿದರೆ ಸೋಪು ಹೋಗುವುದೇ ಇಲ್ಲ. ಆ ಬಟ್ಟೆಯನ್ನು ಸ್ಪಿನ್‌ಗೆ ಹಾಕಿದರೆ ನೊರೆ ಟಬ್‌ನ ಸುತ್ತ ತುಂಬಿ ಹಿಡಿದುಕೊಳ್ಳುತ್ತದೆ. ಮೋಟಾರ್ ಬಿಸಿಯಾಗುತ್ತದೆ. ವೋಲ್ಟೇಜ್ ಕಮ್ಮಿ ಇದ್ದ ದಿನ ಕೇಳಲೇಬೇಡಿ. ತುಂಬು ಲೋಡ್ ಇದ್ದರೆ ಹಾಕಿ, ಚೆನ್ನಾಗಿ ಜಾಲಿಸಿ ಆಮೇಲೆ ಸ್ಪಿನ್. ಸಣ್ಣ ಲೋಡ್‌ಗೆ ಪುಡಿ.

ಬಿಸಿಲೂರು:
ಸುಣ್ಣ ಕಟ್ಟಿದ್ದರೆ ಅದು ಪಾಡ್ ಹಾಕಿದ ವಾರವೇ ಯಾಕೆ ಕಟ್ಟಬೇಕು? ನಮ್ಮ ಮೆಕ್ಯಾನಿಕ್ ಆ ಪೊರೆಯನ್ನು ಕೈಯಲ್ಲಿ ಹಿಡಿದು ತೋರಿಸಿದ. ನೀವು ಅಂಗಡಿಯಲ್ಲಿ ಕೂತು ನಮ್ಮನೆ ಪೈಪ್ ನೋಡಿದಿರಾ?

ಪ್ರಶ್ನೆ ಕೇಳಿದವರು:
ನಮ್ಮ ನೀರು ಎಷ್ಟು ಗಡಸು ಅಂತ ಮನೆಯಲ್ಲೇ ಗೊತ್ತಾಗುತ್ತಾ?

ಸೇಡಂ ರಸ್ತೆ:
ಗೊತ್ತಾಗುತ್ತದೆ. ಬಾಟಲಿಗೆ ಅರ್ಧ ನೀರು, ಸ್ವಲ್ಪ ಸೋಪು ಹಾಕಿ ಕುಲುಕಿ. ನೊರೆ ಬರದೆ ನೀರು ಮಬ್ಬಾಗಿ, ಮೇಲೆ ಕೆನೆ ತೇಲಿದರೆ ಗಡಸು. ಭೀಮಾ ನದಿಯ ನಲ್ಲಿ ನೀರು ಬಂದ ದಿನ ಅದರಲ್ಲೂ ಮಾಡಿ, ಎರಡೂ ಬಾಟಲಿ ಪಕ್ಕ ಇಟ್ಟು ನೋಡಿ.

ರೇಷ್ಮೆ ಸೆರಗು:
ಯಾವ ಸೋಪು ಅಂತ ಸರಿಯಾಗಿ ಹೇಳಿ. ಪಾಡ್ ಅಥವಾ ಡಿಟರ್ಜೆಂಟ್ ಹಾಕಿದರೆ ಗಡಸು ನೀರಲ್ಲೂ ನೊರೆ ಬರುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ಮೈ ಸೋಪು ತುರಿದು ಹಾಕಬೇಕು.

ಸೇಡಂ ರಸ್ತೆ:
ಮೈ ಸೋಪೇ. ಅದನ್ನು ಬಿಡಿಸಿ ಹೇಳಬೇಕಾ?